ದೋಣಿಯ ಪೇಂಟು ಕೈಕೊಟ್ಟರೆ: ಡಬ್ಬಿಯನ್ನು ಬೈಯುವ ಮೊದಲು ನೋಡಬೇಕಾದದ್ದು

ಮನೆಯಲ್ಲೇ ಪ್ಲೈವುಡ್ ದೋಣಿ ಕಟ್ಟಿ, ಅದಕ್ಕೆ ಎಪಾಕ್ಸಿ (ರೆಸಿನ್‌ಗೆ ಹಾರ್ಡ್‌ನರ್ ಕಲಸಿ ಬಳಿಯುವ, ಗಟ್ಟಿಯಾಗುವ ಅಂಟು) ಮತ್ತು ಫೈಬರ್ ಬಟ್ಟೆ ಹೊದಿಸಿ, ಪೇಂಟು ಹೊಡೆದವರಿಗಾಗಿ ಈ ಬರಹ. ಪೇಂಟು ಎದ್ದರೆ, ಗುಳ್ಳೆ ಬಂದರೆ ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿದು ತರಬೇಕಿತ್ತು?" ಅಂತ. ತಪ್ಪು ಡಬ್ಬಿಯಲ್ಲಿ ಇರುವುದು ಅಪರೂಪ. ಪೇಂಟಿನ ಕೆಳಗಿನ ಪದರದಲ್ಲಿ ಇರುತ್ತದೆ, ಇಲ್ಲವೇ ಪೇಂಟು ಹೊಡೆದ ಹೊತ್ತಿನಲ್ಲಿ ಇರುತ್ತದೆ.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈ ಹೊತ್ತಿನ ಲೆಕ್ಕವೇ ದೊಡ್ಡದು. ದೋಣಿ ಕಟ್ಟುವ ವಿಡಿಯೊಗಳು ಬಹುಪಾಲು ಚಳಿ ದೇಶದವು. "ಶೆಡ್ಡು ಬೆಚ್ಚಗಿಡಿ, ಹೀಟರ್ ಹಾಕಿ" ಅಂತ ಹೇಳುತ್ತಾರೆ. ಏಪ್ರಿಲ್‌ನಲ್ಲಿ ರಾಯಚೂರಿನವರಿಗೆ ಹೀಟರ್ ಯಾಕೆ ಬೇಕು? ಇಲ್ಲಿಯ ತೊಂದರೆ ಉಲ್ಟಾ. ತುಂಗಭದ್ರಾ ಜಲಾಶಯ ತುಂಬುವುದು ಜುಲೈ, ಆಗಸ್ಟ್‌ನಲ್ಲಿ. ಹಿನ್ನೀರು ಬರುವುದರೊಳಗೆ ದೋಣಿ ತಯಾರಾಗಲಿ ಅಂತ ಎಲ್ಲರೂ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಷ್ ಹಿಡಿಯುತ್ತಾರೆ. ಮೊದಲು 42 ಡಿಗ್ರಿ ಬಿಸಿಲು, ಆಮೇಲೆ ಆಷಾಢದ ಗಾಳಿ, ಅದರ ಜೊತೆಗೆ ಎರೆಮಣ್ಣಿನ ಧೂಳು. ಪೇಂಟಿಗೆ ಇದಕ್ಕಿಂತ ಕೆಟ್ಟ ಕಾಲ ಹುಡುಕಿದರೂ ಸಿಗುವುದಿಲ್ಲ. ದಸರಾ ಮುಗಿದ ಮೇಲಿಂದ ಶಿವರಾತ್ರಿವರೆಗೆ ಹೊಡೆದರೆ ಕೆಳಗೆ ಬರೆದಿರುವ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಜೇಬಿಗೆ ಕೈ ಹಾಕುವ ಮೊದಲು

ಒಂದು ಚೊಂಬು ನೀರು, ಒಂದು ಬ್ಲೇಡು, ಅಂಟು ಟೇಪು, ಒಂದು ನಾಣ್ಯ, ಒಂದು ಪ್ಲಾಸ್ಟಿಕ್ ಹಾಳೆ. ಇಷ್ಟರಲ್ಲೇ ರೋಗ ಎಲ್ಲಿದೆ ಅಂತ ಬಹಳಷ್ಟು ಗೊತ್ತಾಗುತ್ತದೆ.

ನೀರು: ಉಜ್ಜಿದ ಪ್ರೈಮರ್ (ಪೇಂಟಿಗೆ ಮೊದಲು ಹೊಡೆಯುವ ತಳದ ಕೋಟು) ಅಥವಾ ಎಪಾಕ್ಸಿಯ ಮೇಲೆ ಚಿಮುಕಿಸಿ. ತೆಳ್ಳಗೆ ಹರಡಿಕೊಂಡು ನಿಂತರೆ ಮೈ ಸ್ವಚ್ಛವಾಗಿದೆ. ಮುತ್ತುಮುತ್ತಾಗಿ ಗುಂಪುಗೂಡಿದರೆ ಎಣ್ಣೆಯೋ ಮೇಣವೋ ಇದೆ. ಹೊಳಪಿನ ಪೇಂಟಿನ ಮೇಲೆ ಈ ಪರೀಕ್ಷೆ ಮಾಡಬೇಡಿ, ಅಲ್ಲಿ ನೀರು ಹೇಗಿದ್ದರೂ ಮುತ್ತುಗಟ್ಟುತ್ತದೆ.

ಬ್ಲೇಡು ಮತ್ತು ಟೇಪು: ಎರಡು ಮಿಲಿಮೀಟರ್ ಅಂತರದಲ್ಲಿ ಆರೇಳು ಗೆರೆ ಕೊಯ್ಯಿರಿ, ಅಡ್ಡಕ್ಕೂ ಅಷ್ಟೇ. ಮೇಲೆ ಟೇಪು ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಜಗ್ಗಿ. ಚೌಕಗಳು ದೋಣಿಯಲ್ಲೇ ಉಳಿದರೆ ಹಿಡಿತ ಚೆನ್ನಾಗಿದೆ. ಟೇಪಿನ ಜೊತೆ ಬಂದರೆ ಯಾವ ಪದರದಿಂದ ಬಿಟ್ಟಿದೆ ಅಂತ ನೋಡಿ. ಅದೇ ಉತ್ತರ.

ನಾಣ್ಯ: ತಳವನ್ನೆಲ್ಲ ತಟ್ಟುತ್ತಾ ಹೋಗಿ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ. ಟಣಕ್ ಅಂದರೆ ಸರಿ. ಬೊದ್ ಅಂದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅಲ್ಲಿ ಫೈಬರ್ ಬಟ್ಟೆ ಮರವನ್ನು ಬಿಟ್ಟಿರಬಹುದು, ಇಲ್ಲವೇ ಪ್ಲೈವುಡ್‌ನ ಪದರಗಳೇ ಒಂದನ್ನೊಂದು ಬಿಟ್ಟಿರಬಹುದು.

ಪ್ಲಾಸ್ಟಿಕ್: ಮರ ಕಾಣುವ ಜಾಗದಲ್ಲಿ ಒಂದಡಿ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗಡೆ ಹಬೆ ಕಟ್ಟಿದ್ದರೆ ಮರದಲ್ಲಿ ಇನ್ನೂ ನೀರಿದೆ. ಅದರ ಮೇಲೆ ಏನು ಬಳಿದರೂ ದುಡ್ಡು ಹೊಳೆಗೆ ಹೋಗುತ್ತದೆ.

ದಿನಗಳು ಕಳೆದರೂ ಅಂಟಂಟು

ಮೊದಲು ಬರೀ ನೀರಿನಿಂದ ತೊಳೆಯಿರಿ. ನಗಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ, ಅದರಲ್ಲೂ ಗಾಳಿಯಲ್ಲಿ ತೇವ ಇದ್ದಾಗ, ಮೇಲೆ ಮೇಣದಂಥ ಜಿಡ್ಡು ಪದರವೊಂದು ಕಟ್ಟಿಕೊಳ್ಳುತ್ತದೆ. ಹಾರ್ಡ್‌ನರ್‌ನಲ್ಲಿರುವ ಅಮೀನ್ ಅನ್ನುವ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆಗುವ ಪದರ ಅದು. ನೀರಿನಲ್ಲಿ ಕರಗುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮತ್ತು ನೀರು ಸಾಕು. ತೊಳೆದು ಒರೆಸಿದ ಮೇಲೆ ಅಂಟು ಹೋಯಿತಾ? ಖರ್ಚಿಲ್ಲದೆ ಕೆಲಸ ಮುಗಿಯಿತು. ತೊಳೆಯದೆ ನೇರವಾಗಿ ಸ್ಯಾಂಡ್‌ಪೇಪರ್ ಹಾಕಿದರೆ ಮಾತ್ರ ಆ ಜಿಡ್ಡು ಗೀರುಗಳೊಳಗೆ ತುಂಬಿಕೊಳ್ಳುತ್ತದೆ. ಥಿನ್ನರ್‌ನಲ್ಲಿ ಒರೆಸಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸವರಿದ ಹಾಗೆ ಆಗುತ್ತದೆ, ಅಷ್ಟೇ.

ತೊಳೆದರೂ ಅಂಟುತ್ತಿದ್ದರೆ ಉಗುರು ಒತ್ತಿ ನೋಡಿ. ಗುರುತು ಬೀಳುತ್ತದೆಯಾ? ಇಡೀ ದೋಣಿಯಲ್ಲಾ, ಕೆಲವು ತೇಪೆಗಳಲ್ಲಿ ಮಾತ್ರವಾ? ತೇಪೆತೇಪೆಯಾಗಿ ಮೆತ್ತಗಿದ್ದರೆ ಸರಿಯಾಗಿ ಕಲಸಿಲ್ಲ ಅಂತ ಅರ್ಥ. ಡಬ್ಬಿಯ ಮೂಲೆಯಲ್ಲಿ, ತಳದಲ್ಲಿ ಉಳಿದ ಹಸಿ ರೆಸಿನ್ ಕೊನೆಗೆ ಬಳಿದ ಜಾಗಕ್ಕೆ ಬಂದಿರುತ್ತದೆ. ಎಲ್ಲ ಕಡೆಯೂ ಮೆತ್ತಗಿದ್ದರೆ ಅಳತೆ ತಪ್ಪಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಫೈಬರ್ ಬಾಗಿಲು, ನೀರಿನ ಟ್ಯಾಂಕು ಮಾಡುವವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಕ್ಯಾಟಲಿಸ್ಟ್ ಒಂದಿಷ್ಟು ಹೆಚ್ಚು ಹಾಕಿದರೆ ಬೇಗ ಸೆಟ್ ಆಗುತ್ತದೆ, ಕಮ್ಮಿ ಹಾಕಿದರೆ ನಿಧಾನ. ಅವರ ಕೈಗೆ ಅದೇ ರೂಢಿ. ಎಪಾಕ್ಸಿ ಹಾಗಲ್ಲ. ಅದರಲ್ಲಿ ಹಾರ್ಡ್‌ನರ್ ಕೂಡ ಪದಾರ್ಥದ ಒಂದು ಭಾಗ. ಹೆಚ್ಚಾದರೂ ಕೆಟ್ಟಿತು, ಕಮ್ಮಿಯಾದರೂ ಕೆಟ್ಟಿತು. ಕೆಲವು ರೆಸಿನ್‌ಗಳಿಗೆ ತೂಕದಲ್ಲಿ 100 ಗ್ರಾಂಗೆ 10 ಗ್ರಾಂ ಹಾರ್ಡ್‌ನರ್ ಅಂತ ಇರುತ್ತದೆ. ಅಲ್ಲಿ ಎರಡು ಗ್ರಾಂ ಹೆಚ್ಚುಕಡಿಮೆ ಆದರೆ ಐದರಲ್ಲೊಂದು ಭಾಗ ತಪ್ಪಿತು. ಅಂದಾಜಿಗೆ ಸುರಿಯುವ ಮಾತೇ ಬೇಡ, ಅಕ್ಕಸಾಲಿಗರ ಥರದ ಚಿಕ್ಕ ತಕ್ಕಡಿ ತನ್ನಿ. ಡಬ್ಬಿಯಲ್ಲಿರುವ ಅಳತೆ ತೂಕದ್ದೋ ಲೀಟರ್‌ನದ್ದೋ ಅಂತಲೂ ನೋಡಿ.

ಅಳತೆ ತಪ್ಪಿದ ಎಪಾಕ್ಸಿ ನಮ್ಮ ಬಿಸಿಲಲ್ಲಿ ಒಂದು ವಾರ ಕಳೆದರೂ ಗಟ್ಟಿಯಾಗದಿದ್ದರೆ ಇನ್ನು ಆಗುವುದಿಲ್ಲ. ಮೇಲೆ ಇನ್ನೊಂದು ಕೋಟು ಹಾಕಿ ಮುಚ್ಚಬೇಡಿ. ಕೆರೆದು ತೆಗೆಯಲೇಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಕೆಳಗಿನ ಎಪಾಕ್ಸಿ ಗಟ್ಟಿಯಾಗಿದೆ, ಮೇಲಿನ ಎನಾಮಲ್ ಮಾತ್ರ ಒಣಗುತ್ತಿಲ್ಲ ಅಂದರೆ ಕಾರಣ ಬೇರೆ. ಮನೆ ಬಾಗಿಲಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್ ಅನ್ನು ಹೊಸ ಎಪಾಕ್ಸಿಯ ಮೇಲೆ ನೇರವಾಗಿ ಹೊಡೆದರೆ, ಎಪಾಕ್ಸಿಯಲ್ಲಿ ಉಳಿದ ಅಮೀನ್ ಅದನ್ನು ಒಣಗಲು ಬಿಡುವುದಿಲ್ಲ. ದಪ್ಪಗೆ ಹೊಡೆದರೂ ಹೀಗೇ ಆಗುತ್ತದೆ, ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿದರೆ ಕೇಳುವುದೇ ಬೇಡ. ಎಪಾಕ್ಸಿಯ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟು ಸುರಕ್ಷಿತ, ಪೇಂಟು ಒಂದು ಡಬ್ಬಿ, ಹಾರ್ಡ್‌ನರ್ ಒಂದು ಡಬ್ಬಿ ಅಂತ ಬರುತ್ತದಲ್ಲ, ಅದು. ಎನಾಮಲ್ಲೇ ಬೇಕೆಂದರೆ ಎಪಾಕ್ಸಿ ತೊಳೆದು, ಉಜ್ಜಿ, ಒಂದೆರಡು ವಾರ ಬಿಟ್ಟು, ಅಂಗೈ ಅಗಲ ಹೊಡೆದು ನೋಡಿ. ಒಣಗಿದರೆ ಮುಂದುವರಿಸಿ.

ಗುಳ್ಳೆ ಎದ್ದಿದೆ

ಗುಳ್ಳೆ ನೋಡಿದ ಕೂಡಲೇ ಒಡೆಯಬೇಡಿ. ಯಾವಾಗ ಎದ್ದಿತು ಅಂತ ನೆನಪು ಮಾಡಿಕೊಳ್ಳಿ. ಹೊಡೆದ ದಿನವಾ, ಬಿಸಿಲಿಗೆ ಇಟ್ಟ ಮೇಲಾ, ನೀರಿಗೆ ಇಳಿಸಿದ ಮೇಲಾ? ಮೂರಕ್ಕೂ ಕಾರಣ ಬೇರೆ ಬೇರೆ.

ಹೊಡೆದ ದಿನವೇ ಎದ್ದು, ಗುಳ್ಳೆಯ ನಡುವೆ ಸೂಜಿ ಚುಚ್ಚಿದ ಹಾಗೆ ತೂತು ಇದ್ದರೆ, ಅದು ಮರದೊಳಗಿನ ಗಾಳಿ. ಬೆಳಿಗ್ಗೆ ಎಂಟಕ್ಕೆ ಎಪಾಕ್ಸಿ ಬಳಿಯಲು ಶುರು ಮಾಡುತ್ತೀರಿ. ಹನ್ನೊಂದರ ಹೊತ್ತಿಗೆ ಪ್ಲೈವುಡ್ ಕಾಯುತ್ತದೆ. ಒಳಗಿನ ಗಾಳಿ ಹಿಗ್ಗಿ, ಇನ್ನೂ ಹಸಿಯಾಗಿರುವ ರೆಸಿನ್ ತೂರಿಕೊಂಡು ಹೊರಬರುತ್ತದೆ. ಸಂಜೆ ಬಳಿದರೆ ಮರ ತಣ್ಣಗಾಗುತ್ತಾ ಗಾಳಿ ಕುಗ್ಗುತ್ತದೆ, ರೆಸಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಅದೇ ಡಬ್ಬಿ, ಅದೇ ಕೈ, ಹೊತ್ತು ಮಾತ್ರ ಬೇರೆ. ಬೇಸಿಗೆಯಲ್ಲಿ ನೆರಳಿನಲ್ಲಿ ಸಂಜೆ ಐದರ ಮೇಲೆ ಶುರು ಮಾಡಿ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ ಎರಡು ಮೂರಕ್ಕೇ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಬೆಳಗಿನ ಇಬ್ಬನಿ ಹಸಿ ಪೇಂಟಿನ ಮೇಲೆ ಕೂತು ಹೊಳಪು ತಿನ್ನುತ್ತದೆ. ಮರದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಅನ್ನುವುದು ಪೇಂಟಿನವರ ಲೆಕ್ಕ.

ಬಿಸಿಲಿಗೆ ಇಟ್ಟ ಮೇಲೆ ಎದ್ದರೆ ಬ್ಲೇಡಿನ ತುದಿಯಿಂದ ಒಂದನ್ನು ಕೊಯ್ದು ಮೂಗಿನ ಹತ್ತಿರ ಹಿಡಿಯಿರಿ. ಒಳಗೆ ನೀರಿಲ್ಲದೆ ಒಣಗಿದ್ದು, ಥಿನ್ನರ್ ವಾಸನೆ ಬಂದರೆ, ಮೊದಲ ಕೋಟು ಆರುವ ಮುಂಚೆಯೇ ಎರಡನೆಯದು ಹೊಡೆದಿದ್ದೀರಿ. ಸಿಕ್ಕಿಬಿದ್ದ ಥಿನ್ನರ್ ಬಿಸಿಲಿಗೆ ಆವಿಯಾಗಿ ಪೇಂಟನ್ನು ಎತ್ತಿದೆ. ಕಪ್ಪು, ಕಡು ನೀಲಿ ದೋಣಿಗಳಲ್ಲಿ ಇದು ಜಾಸ್ತಿ. ಮೇ ತಿಂಗಳಲ್ಲಿ ಕಪ್ಪು ಬಣ್ಣದ ಮೇಲೆ ಕೈ ಇಟ್ಟು ನೋಡಿ, ಹತ್ತು ಎಣಿಸುವವರೆಗೆ ಇಡಲಾಗುವುದಿಲ್ಲ. ನಮ್ಮ ಕಡೆ ದೋಣಿಗೆ ಬಿಳಿ, ಕೆನೆ, ತಿಳಿ ಬೂದು ಬಿಟ್ಟರೆ ಬೇರೆ ಬಣ್ಣ ಬೇಡ ಅನ್ನುವುದು ನನ್ನ ಹಟ. ಕಡುಬಣ್ಣದ ಆಸೆ ಇದ್ದರೆ ಅಂಚಿಗೊಂದು ಪಟ್ಟಿ ಎಳೆದು ತೀರಿಸಿಕೊಳ್ಳಿ.

ಮಳೆಗಾಲದಲ್ಲಿ ಹೊಡೆದ ಪಿಯು ಪೇಂಟಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ತುಂಬಿದ್ದರೆ ಅದು ಗಾಳಿಯ ತೇವದ ಕೆಲಸ. ಪಿಯು ಹಾರ್ಡ್‌ನರ್ ತೇವದ ಜೊತೆ ಸೇರಿ ಗ್ಯಾಸ್ ಬಿಡುತ್ತದೆ. ಉಜ್ಜಿ, ಮಳೆ ಬಿಟ್ಟ ದಿನ ಮತ್ತೆ ಹೊಡೆಯಿರಿ. ಹಾರ್ಡ್‌ನರ್ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿತ್ತಾ ಅಂತಲೂ ನೋಡಿ.

ಇನ್ನು ನೀರಿಗೆ ಇಳಿಸಿದ ಮೇಲೆ ಎದ್ದ ಗುಳ್ಳೆ. ಇದನ್ನು ಚುಚ್ಚುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಒಳಗಿನ ನೀರು ಒತ್ತಡದಲ್ಲಿದ್ದರೆ ಚಿಮ್ಮುತ್ತದೆ. ಬಂದದ್ದು ತಿಳಿನೀರು, ಎದ್ದಿರುವುದು ಮೇಲಿನ ಪೇಂಟು ಮಾತ್ರ, ಕೆಳಗೆ ಪ್ರೈಮರ್ ಗಟ್ಟಿಯಾಗಿದೆ ಅಂದರೆ ಗಾಬರಿ ಬೇಡ. ಎನಾಮಲ್ ಸದಾ ನೀರಲ್ಲಿ ಇರಲು ಮಾಡಿದ್ದಲ್ಲ. ಸಂಜೆ ದೋಣಿಯನ್ನು ದಂಡೆಗೆ ಎಳೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ, ವಾರಗಟ್ಟಲೆ ನೀರಲ್ಲೇ ಕಟ್ಟಿಹಾಕಿದರೆ ಏಳುತ್ತದೆ. ಬಂದ ನೀರು ಕಂದುಬಣ್ಣದ್ದು, ಹುಳಿ ವಾಸನೆ ಇದೆ ಅಂದರೆ ನೀರು ಮರಕ್ಕೇ ಇಳಿದಿದೆ.

ಮರಕ್ಕೆ ನೀರು ಇಳಿಯುವುದು ಸಪಾಟು ಮೈಯಿಂದ ಅಲ್ಲ. ಪ್ಲೈವುಡ್‌ನ ಅಂಚು, ಸ್ಕ್ರೂ ತೂತು, ನೀರು ಬಿಡುವ ತೂತಿನ ಸುತ್ತ, ತಳದ ಮೂಲೆ, ಇಲ್ಲೆಲ್ಲ ಹುಡುಕಿ. ಗುಳ್ಳೆ ಒಂದು ಕಡೆ, ತೂತು ಎರಡಡಿ ಆಚೆ ಇರಬಹುದು. ಯಾವ ಪ್ಲೈವುಡ್ ತಂದಿದ್ದೀರಿ ಅನ್ನುವುದೂ ಇಲ್ಲಿ ಬರುತ್ತದೆ. ಹಾಳೆಯ ಮೇಲೆ ಐಎಸ್ 710 (ಮೆರೈನ್ ಪ್ಲೈವುಡ್‌ನ ಭಾರತೀಯ ಗುಣಮಟ್ಟ) ಮುದ್ರೆ ಇದ್ದರೆ ಅದರ ಅಂಟು 72 ಗಂಟೆ ಕುದಿಸಿದರೂ ಬಿಡದಂಥದ್ದು. ಕಪಾಟು ಮಾಡುವ ಮಾಮೂಲಿ ಪ್ಲೈ ಆದರೆ ನೀರು ಒಳಹೊಕ್ಕ ದಿನವೇ ಅದರ ಲೆಕ್ಕ ಶುರು.

ಒಣಗಿಸಲು ಅವಸರ ಬೇಡ. ಎದ್ದಷ್ಟನ್ನೂ ಕೆರೆದು ತೆಗೆದು, ದೋಣಿಯನ್ನು ನೆರಳಲ್ಲಿ ಬೋರಲು ಹಾಕಿ, ಗಾಳಿಯಾಡಲು ಬಿಡಿ. ವಾರಗಳೇ ಹಿಡಿಯಬಹುದು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಒಣ ಅಂತ ಹೇಳಿದ ಮೇಲೆ ಎಪಾಕ್ಸಿ.

ಹಾಳೆ ಹಾಳೆಯಾಗಿ ಸುಲಿದು ಬರುತ್ತಿದೆ

ಬಂದ ಚಕ್ಕೆಯನ್ನು ಎಸೆಯಬೇಡಿ. ತಿರುಗಿಸಿ ಅದರ ಬೆನ್ನು ನೋಡಿ. ಬೆನ್ನು ಗಾಜಿನಂತೆ ನುಣುಪಾಗಿದ್ದರೆ ಕೆಳಗಿನ ಪದರವನ್ನು ಉಜ್ಜದೆ ಹೊಡೆದಿದ್ದೀರಿ. ಬೆನ್ನಿಗೆ ಪುಡಿ ಮೆತ್ತಿಕೊಂಡಿದ್ದರೆ ಉಜ್ಜಿದ ಧೂಳು ಒರೆಸಿಲ್ಲ. ಮರದ ನಾರು ಅಂಟಿದ್ದರೆ ಪೇಂಟಿನ ತಪ್ಪೇ ಇಲ್ಲ, ಮರವೇ ನೆನೆದು ಬಿಟ್ಟಿದೆ. ಕೆಳಗಿನ ಪದರ ಸುಕ್ಕುಗಟ್ಟಿ ಎದ್ದಿದ್ದರೆ ಥಿನ್ನರ್ ಬದಲಾಗಿದೆ: ಎನಾಮಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬೆರೆಸಿದ ಪೇಂಟು ಬಿದ್ದರೆ ಕ್ಷಣದಲ್ಲಿ ಮುದುರುತ್ತದೆ.

ಗಟ್ಟಿಯಾದ ಎಪಾಕ್ಸಿಗೆ 80 ನಂಬರ್ ಪೇಪರ್, ಪ್ರೈಮರ್‌ಗೆ ಮೊದಲು 120 ಅಥವಾ 180, ಕೊನೆಯ ಪೇಂಟಿಗೆ ಮೊದಲು 220ರಿಂದ 320. ಹೊಳಪು ಪೂರ್ತಿ ಸತ್ತು ಮಂಕಾಗುವವರೆಗೆ. ಒಂದು ಚುಕ್ಕೆ ಹೊಳೆಯುತ್ತಿದ್ದರೂ ಅಲ್ಲಿಂದಲೇ ಸುಲಿಯುತ್ತದೆ. ಕಾರಿಗೆ ಹಾಕುವ ಪುಟ್ಟಿಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಬಳಸಿದ್ದರೆ ಆ ಜಾಗವನ್ನು ಮೊದಲು ಅನುಮಾನಿಸಿ, ಅದು ನೀರು ಕುಡಿಯುತ್ತದೆ. ತಳಕ್ಕೆ ಎಪಾಕ್ಸಿ ಪುಟ್ಟಿಯೇ ಸರಿ.

ಹೊಡೆದಲ್ಲಿಂದ ಪೇಂಟು ಸರಿದು ದುಂಡು ಕುಳಿ

ಎಣ್ಣೆ ಅಥವಾ ಸಿಲಿಕೋನ್. ತಲೆಗೆ ಎಣ್ಣೆ ಹಚ್ಚಿದ ಕೈ, ಪಕ್ಕದಲ್ಲಿ ಮಿರ್ಚಿ ಕರಿಯುವ ಬಾಣಲೆ, ಬೈಕಿನ ಟೈರ್ ಪಾಲಿಶ್, ಕಂಪ್ರೆಸರ್‌ನ ಆಯಿಲ್, ಯಾವುದಾದರೂ ಆಗಬಹುದು. ಮೇಲೆ ಮೇಲೆ ಬ್ರಷ್ ಆಡಿಸಿದರೆ ಕುಳಿ ಮುಚ್ಚುವುದಿಲ್ಲ. ಹಸಿಯಿರುವಾಗಲೇ ಒರೆಸಿ ತೆಗೆಯಿರಿ. ಸೋಪು ನೀರಲ್ಲಿ ತೊಳೆದು, ಒಂದು ಬಟ್ಟೆಯಲ್ಲಿ ಥಿನ್ನರ್ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ನೀರು ಹರಡಿ ನಿಲ್ಲುವವರೆಗೆ ಹೀಗೇ. ಉಜ್ಜುವುದು ಆಮೇಲೆ.

ಬಿಳಿ ಪೇಂಟಿನ ಮೇಲೆ ಕಂದು ಕಲೆ, ತುಕ್ಕಿನ ಚುಕ್ಕೆ

ಕಲೆ ಸಾಲಾಗಿ, ಸಮ ಅಂತರದಲ್ಲಿ ಇದ್ದರೆ ಕೆಳಗೆ ಕಬ್ಬಿಣದ ಸ್ಕ್ರೂ ಇದೆ. ಬಿಚ್ಚಿ ತೆಗೆದು ತೂತಿಗೆ ಎಪಾಕ್ಸಿ ತುಂಬಿ, ಬೇಕಿದ್ದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ.

ಸಾಸಿವೆ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಇದ್ದರೆ, ಅದರಲ್ಲೂ ದೋಣಿಯ ಮೇಲ್ಮುಖದಲ್ಲಿ ಮಾತ್ರ ಇದ್ದರೆ, ಅದು ಗಾಳಿಯಲ್ಲಿ ಬಂದದ್ದು. ಒಂದು ಆಯಸ್ಕಾಂತಕ್ಕೆ ಬಿಳಿ ಕಾಗದ ಸುತ್ತಿ, ಅಂಗಳದ ಧೂಳಿನ ಮೇಲೆ ಆಡಿಸಿ. ಕಾಗದದ ಮೇಲೆ ಕರಿ ಮೀಸೆಯಂತೆ ಪುಡಿ ನಿಂತರೆ ಧೂಳಿನಲ್ಲಿ ಕಬ್ಬಿಣ ಇದೆ. ಕಬ್ಬಿಣದ ಕಾರ್ಖಾನೆಗಳ ಹತ್ತಿರದ ಊರುಗಳಲ್ಲಿ, ಲೇತ್ ಅಂಗಡಿ ಪಕ್ಕದಲ್ಲಿ, ವೆಲ್ಡಿಂಗ್ ಮಾಡಿ ಗ್ರೈಂಡರ್ ಆಡಿಸಿದ ಅಂಗಳದಲ್ಲಿ ಇದು ಸಾಮಾನ್ಯ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿಯದೇ ಕಾಟ, ಅದು ತುಕ್ಕು ಹಿಡಿಯುವುದಿಲ್ಲ, ಗರಗಸದ ಪುಡಿಯಂತೆ ಪೇಂಟಿನಲ್ಲಿ ಹೂತುಕೊಳ್ಳುತ್ತದೆ. ಮದ್ದು ಎರಡಕ್ಕೂ ಒಂದೇ: ನೆಲಕ್ಕೆ ನೀರು ಚಿಮುಕಿಸಿ, ಸುತ್ತ ಹಸಿ ಗೋಣಿ ತೂಗುಹಾಕಿ, ಗಾಳಿ ನಿಂತ ಹೊತ್ತು ನೋಡಿ ಹೊಡೆಯುವುದು. ಕೂತ ಚುಕ್ಕೆಗೆ 400 ನಂಬರ್ ವಾಟರ್ ಪೇಪರ್.

ಹಳೆಯ ಹರಿಗೋಲಿನ ರೂಢಿಯಲ್ಲಿ ತಳಕ್ಕೆ ಡಾಂಬರು ಬಳಿದು, ಆಮೇಲೆ ಚೆಂದಕ್ಕೆ ಎನಾಮಲ್ ಹೊಡೆದವರಿಗೆ ಬೇರೆ ಥರದ ಕಂದು ಕಲೆ ಕಾಣುತ್ತದೆ. ಪೇಂಟಿನ ಥಿನ್ನರ್ ಡಾಂಬರನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಎಷ್ಟು ಕೋಟು ಹೊಡೆದರೂ ಬರುತ್ತಲೇ ಇರುತ್ತದೆ. ಡಾಂಬರು ಇದ್ದ ತಳವನ್ನು ಡಾಂಬರಾಗಿಯೇ ಬಿಡುವುದು ಜಾಣತನ.

ಹೊಳಪು ಹೋಗಿದೆ, ಕೈಗೆ ಪುಡಿ ಹತ್ತುತ್ತದೆ

ಬಿಸಿಲು ತಿಂದಿದೆ, ಅಷ್ಟೇ. ತೊಳೆದು, 320ರಲ್ಲಿ ಉಜ್ಜಿ, ಒಂದು ಕೋಟು ಹೊಡೆಯಿರಿ. ಮರದ ಬಣ್ಣ ಕಾಣಲಿ ಅಂತ ಪೇಂಟು ಹೊಡೆಯದೆ ಬರೀ ಎಪಾಕ್ಸಿ ಬಿಟ್ಟಿದ್ದರೆ ವಿಷಯ ಗಂಭೀರ. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ಹಳದಿಯಾಗಿ, ಪುಡಿಯಾಗಿ, ಕೊನೆಗೆ ಬಿರಿಯುತ್ತದೆ. ಅದರ ಮೇಲೆ ಪೇಂಟು ಅಥವಾ ಯುವಿ ತಡೆಯುವ ವಾರ್ನಿಶ್ ಇರಲೇಬೇಕು.

ಫೈಬರ್ ಬಟ್ಟೆಯ ನೇಯ್ಗೆ ಪೇಂಟಿನ ಮೇಲೆ ಮೂಡಿದರೆ ಅದಕ್ಕೂ ಬಿಸಿಲೇ ಕಾರಣ. ಮಾಮೂಲಿ ಎಪಾಕ್ಸಿ 50–60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಕಣ್ಣಿಗೆ ಕೆಡುಕು, ದೋಣಿಗೆ ಅಲ್ಲ. ನೆರಳಲ್ಲಿಡಿ.

ಮೂಗು, ಚರ್ಮ, ಬೆಂಕಿ

ಪಿಯು ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ಅಸ್ತಮಾ ಅಂಟಿಸಿಬಿಡಬಹುದು. ಬ್ರಷ್ ಅಥವಾ ರೋಲರ್‌ನಲ್ಲಿ, ಬಯಲು ಗಾಳಿಯಲ್ಲಿ, ಪೇಂಟಿನ ಆವಿ ತಡೆಯುವ ಫಿಲ್ಟರ್ ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ. ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ.

ಎಪಾಕ್ಸಿ ಕೈಗೆ ಹತ್ತಿದರೆ ಸೋಪು ನೀರು, ಥಿನ್ನರ್ ಅಲ್ಲ. ಥಿನ್ನರ್ ಅದನ್ನು ಚರ್ಮದೊಳಕ್ಕೆ ಇಳಿಸುತ್ತದೆ.

25 ಡಿಗ್ರಿಯಲ್ಲಿ 30 ನಿಮಿಷ ಬರುವ ಎಪಾಕ್ಸಿ 35ರಲ್ಲಿ ಸುಮಾರು 15 ನಿಮಿಷಕ್ಕೇ ಮುಗಿಯುತ್ತದೆ. ಹೆಚ್ಚು ಕಲಸಿ ಡಬ್ಬಿಯಲ್ಲೇ ಬಿಟ್ಟರೆ ಕಾದು ಹೊಗೆ ಬರುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಹೊಗೆ ಬಂದ ಡಬ್ಬಿಯನ್ನು ಬಯಲಲ್ಲಿಟ್ಟು ದೂರ ನಿಲ್ಲಿ.

ಪಾಲಿಯೆಸ್ಟರ್ ಕೆಲಸದ ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ (ಬೇಗ ಸೆಟ್ ಆಗಲೆಂದು ರೆಸಿನ್‌ಗೆ ಹಾಕುವ ದ್ರಾವಣ) ಎರಡನ್ನೂ ನೇರವಾಗಿ ಬೆರೆಸಬಾರದು. ಸಿಡಿಯುತ್ತದೆ. ವಾರ್ನಿಶ್, ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಹಳೆಯ ದೋಣಿಯ ಪೇಂಟು ಉಜ್ಜುವುದಾದರೆ ನೀರು ಹಾಕಿಯೇ ಉಜ್ಜಿ, ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಉಜ್ಜಿದ ಕೊಳೆ, ಥಿನ್ನರ್ ತೊಳೆದ ನೀರು ಹೊಳೆಗೆ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರಾ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಸಮುದ್ರದ ದೋಣಿಗಳಿಗೆ ಬಳಿಯುವ, ಪಾಚಿ ಕೊಲ್ಲುವ ತಾಮ್ರದ ಪೇಂಟು ನಮಗೆ ಬೇಕಾಗಿಯೂ ಇಲ್ಲ. ಎಳೆದಿಡುವ ದೋಣಿಯ ಪಾಚಿ ಸ್ಪಂಜಿಗೇ ಹೋಗುತ್ತದೆ. ಆ ತೊಳೆಯುವ ಕೆಲಸವನ್ನೂ ದಂಡೆಯ ಮೇಲೆಯೇ ಮಾಡಿ. ಕೃಷ್ಣೆಯಲ್ಲಿ, ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಮೊಣಕಾಲುದ್ದ ನೀರಲ್ಲಿ ನಿಂತು ತಳ ಉಜ್ಜುವುದು ಬೇಡ.

ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಸ್ಕ್ರೂಡ್ರೈವರ್ ತುದಿ ಒತ್ತಿದರೆ ಮರದೊಳಗೆ ಇಳಿಯುತ್ತಿದ್ದರೆ. ನಾಣ್ಯ ತಟ್ಟಿದಾಗ ಅಂಗೈಗಿಂತ ದೊಡ್ಡ ಜಾಗ ಬೊದ್ ಅನ್ನುತ್ತಿದ್ದರೆ. ತಳದ ಜೋಡಣೆಯ ಉದ್ದಕ್ಕೂ ಬಿರುಕು ಇದ್ದು, ದೋಣಿಯನ್ನು ಎರಡು ಕಡೆ ಹಿಡಿದು ತಿರುಚಿದಾಗ ಅದು ತೆರೆದು ಮುಚ್ಚುತ್ತಿದ್ದರೆ. ತೇಲಲೆಂದು ಮುಚ್ಚಿದ ಖಾನೆಯೊಳಗೆ ನೀರು ಕುಲುಕಿದರೆ. ಇವು ಪೇಂಟಿನ ದೋಷಗಳಲ್ಲ, ದೋಣಿಯ ದೋಷಗಳು. ಬಣ್ಣ ಹೊಡೆದು ಮುಚ್ಚಿದರೆ ನಡುನೀರಲ್ಲಿ ಬಯಲಾಗುತ್ತದೆ. ಅಂಥ ದೋಣಿಯನ್ನು ಲೈಫ್ ಜಾಕೆಟ್ ಇದ್ದರೂ ಹಿನ್ನೀರಿಗೆ, ಕಾಲುವೆಗೆ ಇಳಿಸಬೇಡಿ. ಪೇಂಟು ಹೊಡೆಯುವಾಗ ಎದೆ ಬಿಗಿಯಿತು, ಕೆಮ್ಮು ನಿಲ್ಲುತ್ತಿಲ್ಲ, ಕೈ ಮೇಲೆ ದದ್ದು ಎದ್ದಿತು ಅಂದರೂ ಕೆಲಸ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ, ಡಬ್ಬಿಯ ಲೇಬಲ್ ಫೋಟೊ ತೋರಿಸಿ.

ಪೇಂಟಿಗಾದರೆ ಊರಿನ ಕಾರ್ ಪೇಂಟರ್‌ನನ್ನು ಕೇಳಿ, ಕುಳಿ, ಸುಕ್ಕು, ಥಿನ್ನರ್ ಜಗಳ ಅವನಿಗೆ ದಿನಾ ಇದ್ದದ್ದೇ. ಬಟ್ಟೆ ಬಿಟ್ಟಿದ್ದರೆ ಫೈಬರ್ ಕೆಲಸದವರು, ಮರಕ್ಕೆ ಬಡಿಗೇರ. ಹೋಗುವಾಗ ಸುಲಿದ ಚಕ್ಕೆ, ಡಬ್ಬಿಗಳ ಲೇಬಲ್, ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಹೊಡೆದದ್ದು ಅನ್ನುವ ಚೀಟಿ ಒಯ್ಯಿರಿ. ಚಕ್ಕೆ ಕೈಗೆ ಕೊಟ್ಟರೆ ಅವರೂ ಮೊದಲು ಅದರ ಬೆನ್ನನ್ನೇ ನೋಡುತ್ತಾರೆ.